ಹಗೇವು ಬರಿದಾದ ನಾಡಿನಲ್ಲಿ ಅನ್ನದ ಪ್ರಶ್ನೆ

(ಪಿರಿಯಾಪಟ್ಟಣದಲ್ಲಿ ಜರಗಿದ ಸಾರ್ವಜನಿಕ ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಹವಾಮಾನ ಬದಲಾವಣೆ, ಕೃಷಿ ಮತ್ತು ಆಹಾರ ಭದ್ರತೆಯ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಾಗ ನನಗೆ ಮೊದಲು ನೆನಪಾದದ್ದು ನನ್ನ ದಾದಿ ಹೇಳುತ್ತಿದ್ದ ಹಗೇವಿನ ಸಂಗತಿ. ಈ ಸಭೆಯಲ್ಲಿರುವ ಹಿರಿಯರಿಗೆ ಹಗೇವು ಎಂದರೇನೆಂದು ವಿವರಿಸಬೇಕಾಗಿಲ್ಲ. ಆದರೆ ಮುಂದಿನ ಸಾಲುಗಳಲ್ಲಿ ಕುಳಿತಿರುವ ಕಾಲೇಜು ವಿದ್ಯಾರ್ಥಿಗಳು ಬಹುಶಃ ಆ ಪದವನ್ನೇ ಕೇಳಿರಲಾರರು. ನೆಲದೊಳಗೆ ಆಳವಾಗಿ ತೋಡಿದ, ಕಿರಿದಾದ ಬಾಯಿಯ ಕಣಜವೇ ಹಗೇವು. ಸುಗ್ಗಿಯಲ್ಲಿ ಅದರೊಳಗೆ ರಾಗಿ ಸುರಿದು, ಬಾಯಿಗೆ ಚಪ್ಪಡಿ ಹಾಕಿ, ಮಣ್ಣು ಮೆತ್ತಿ ಮುಚ್ಚಿದರೆ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಮಳೆ ಕೈಕೊಟ್ಟ ವರ್ಷ ಅದನ್ನು ತೆರೆಯುತ್ತಿದ್ದರು. ನಮ್ಮ ದಾದಿ ಪೇಟೆಯವರು, ಹೊಲ ಗದ್ದೆ ಇಲ್ಲದವರು. ಆದರೂ ಬರದ ವರ್ಷಗಳಲ್ಲಿ ಹಳ್ಳಿಯ ಪರಿಚಯದ ಗೌಡರ ಹಗೇವು ತೆರೆದ ದಿನ ಸೆರಗಿನಲ್ಲಿ ರಾಗಿ ಕಟ್ಟಿಕೊಂಡು ಬಂದದ್ದನ್ನು ಅವರು ಕೊನೆಯವರೆಗೂ ಸ್ಮರಿಸುತ್ತಿದ್ದರು. ಏಳು ಸುಭಿಕ್ಷದ ವರ್ಷಗಳ ಧಾನ್ಯವನ್ನು ತೆನೆಯಲ್ಲೇ ಉಳಿಸಿ ಏಳು ಬರದ ವರ್ಷಗಳನ್ನು ದಾಟಿಸಿದ ಪ್ರವಾದಿ ಯೂಸುಫರ ವೃತ್ತಾಂತವನ್ನು ಮದ್ರಸಾದಲ್ಲಿ ಕಲಿಯುವಾಗ ನನ್ನ ಮನಸ್ಸಿಗೆ ಬಂದದ್ದು ಈಜಿಪ್ಟಿನ ಕಣಜಗಳಲ್ಲ, ದಾದಿಯ ಮಾತಿನಲ್ಲಿ ಕೇಳಿದ ಆ ಹಗೇವು.

ಇಂದು ನಮ್ಮ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೆ.ಆರ್. ನಗರ ಸೀಮೆಯಲ್ಲಿ ಹಗೇವು ಕಾಣಸಿಗುವುದು ಅಪರೂಪ. ಅದರ ಬದಲು ಊರೂರಲ್ಲಿ ಕಾಣುವುದು ಹೊಗೆಸೊಪ್ಪು ಬೇಯಿಸುವ ಬ್ಯಾರನ್. ಹಗೇವಿನಿಂದ ಬ್ಯಾರನ್‌ಗೆ ನಾವು ನಡೆದು ಬಂದ ದಾರಿಯೇ ಈ ಹೊತ್ತಿನ ನನ್ನ ವಿಷಯ.

ಒಂದು ತಪ್ಪೊಪ್ಪಿಗೆಯೊಂದಿಗೆ ಆರಂಭಿಸುತ್ತೇನೆ. ನನ್ನ ಅಬ್ಬಾ ಕಟ್ಟಿಗೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಬ್ಯಾರನ್‌ಗಳಿಗೆ ಹೋಗುವ ಸೌದೆ ಲಾರಿಗಳ ಲೆಕ್ಕವದು. ನನ್ನ ಶಾಲೆಯ ಫೀಸು, ಮದ್ರಸಾದ ಖರ್ಚು, ಅನಂತರದ ಬಿ.ಎ. ಪದವಿ ಎಲ್ಲವೂ ಆ ಲೆಕ್ಕದ ಪುಸ್ತಕದಿಂದಲೇ ನಡೆದವು. ಆದ್ದರಿಂದ ಹೊಗೆಸೊಪ್ಪು ಬೆಳೆಯುವ ರೈತನನ್ನು ಬೈಯುವ ಅಧಿಕಾರ ನನಗಿಲ್ಲ. ಈ ಸಭೆಯಲ್ಲಿರುವ ಲಾರಿ ಮಾಲೀಕರು, ಗೊಬ್ಬರದಂಗಡಿಯವರು, ಬಟ್ಟೆ ವ್ಯಾಪಾರಿಗಳು ಕೂಡ ಒಪ್ಪುವಿರಿ: ಹರಾಜು ಶುರುವಾಗದೆ ನಮ್ಮ ಪೇಟೆಗೆ ಕಳೆ ಬರುವುದಿಲ್ಲ, ಮದುವೆಗಳ ದಿನ ಕೂಡ ಗೊತ್ತಾಗುವುದಿಲ್ಲ. ಈ ಬೆಳೆಯ ಹಣದಲ್ಲಿ ನಮ್ಮೆಲ್ಲರ ಪಾಲಿದೆ. ಹಾಗಾದರೆ ಅದು ತರುವ ಅಪಾಯದಲ್ಲೂ ನಮ್ಮ ಪಾಲು ಇರಲೇಬೇಕಲ್ಲವೇ?

ರಾಗಿ ಹೋಗಿ ಎಲೆ ಬಂದದ್ದು ಹೇಗೆ?

ನಮ್ಮ ಕೆಂಪು ಮಣ್ಣು ಹಗುರ ಮಣ್ಣು, ಮಳೆಯನ್ನೇ ನಂಬಿದ ಮಣ್ಣು. ಇದಕ್ಕೆ ಹೇಳಿ ಮಾಡಿಸಿದ ಧಾನ್ಯ ರಾಗಿ. ಒಂದೆರಡು ವಾರ ಮಳೆ ತಡವಾದರೆ ಅದು ಬಾಡಿ ನಿಲ್ಲುತ್ತದೆ, ಮಳೆ ಬಿದ್ದೊಡನೆ ಚೇತರಿಸಿಕೊಳ್ಳುತ್ತದೆ. ಕಾಳು ಜನರಿಗೆ, ಹುಲ್ಲು ದನಕರುಗಳಿಗೆ. ಹುಳ ಸುಲಭವಾಗಿ ತಾಗದ ಕಾರಣ ಬಹುಕಾಲ ಉಳಿಯುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಬೆರೆಸಿ 'ಇಂಡಾಫ್' ತಳಿಗಳನ್ನು ರೂಪಿಸಿದರು. ಜನ ಅವರನ್ನು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು. ಆ ತಳಿಗಳಿಂದ ಇಳುವರಿ ಗಣನೀಯವಾಗಿ ಏರಿತು. ಅಂದರೆ, ರಾಗಿ ಹಿಂದೆ ಸರಿದದ್ದು ಬೆಳೆ ಬಾರದ ಕಾರಣಕ್ಕಲ್ಲ.

ಕಾರಣ ಬೇರೆಡೆ ಇದೆ. 1975ರ ಕಾಯ್ದೆಯ ಪ್ರಕಾರ 1976ರ ಜನವರಿಯಲ್ಲಿ ತಂಬಾಕು ಮಂಡಳಿ ಸ್ಥಾಪನೆಯಾಯಿತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಪದ್ಧತಿ ಜಾರಿಗೆ ಬಂತು. ಲೈಸೆನ್ಸ್ ಪಡೆದ ರೈತನಿಗೆ ಬ್ಯಾಂಕ್ ಸಾಲ ಸಿಗುತ್ತದೆ. ಗೊಬ್ಬರ ಸಿಗುತ್ತದೆ. ಬೇಲ್ ತಂದಿಟ್ಟರೆ ಬಹಿರಂಗ ಹರಾಜಿನಲ್ಲಿ ಬೆಲೆ ಕಟ್ಟುತ್ತಾರೆ. ಸಾಲ ಮುರಿದುಕೊಂಡು ಉಳಿದ ಹಣ ಬ್ಯಾಂಕಿಗೆ ಬರುತ್ತದೆ. ರಾಗಿ ಬೆಳೆದವನಿಗೆ ಇದರಲ್ಲಿ ಯಾವುದು ಇತ್ತು? ಸುಗ್ಗಿಯಲ್ಲಿ ದಲ್ಲಾಳಿ ಹೇಳಿದ್ದೇ ಬೆಲೆ.

ಈಚಿನ ಲೆಕ್ಕವನ್ನೇ ನೋಡಿ. 2025-26ರ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ ಇತ್ತು. ಮಳೆಯಾಶ್ರಿತ ಹೊಲದಲ್ಲಿ ಎಕರೆಗೆ ಎಂಟು ಕ್ವಿಂಟಲ್ ಬಂದರೂ ಒಟ್ಟು 39 ಸಾವಿರ. 2023ರ ಹರಾಜಿನಲ್ಲಿ ಹೊಗೆಸೊಪ್ಪಿನ ಸರಾಸರಿ ಬೆಲೆ ಕಿಲೋಗೆ 250 ರೂಪಾಯಿ ದಾಟಿತು. ಎಕರೆಗೆ ನಾಲ್ಕು ಕ್ವಿಂಟಲ್ ಎಂದು ಹಿಡಿದರೂ ಒಂದು ಲಕ್ಷ. ಇದರಲ್ಲಿ ಸೌದೆ, ಗೊಬ್ಬರ, ಕೂಲಿ ಕಳೆಯಬೇಕು ನಿಜ. ಒದ್ದೆ ಎಲೆ ಮುರಿಯುವಾಗ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ತಲೆಸುತ್ತಿ ವಾಂತಿಯಾಗುವ ಸಂಕಟ, ಬ್ಯಾರನ್ ಮುಂದೆ ನಿದ್ದೆಗೆಟ್ಟು ಬೆಂಕಿ ಕಾಯುವ ರಾತ್ರಿಗಳು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಆದರೂ ಮಗಳ ಮದುವೆ, ಮಗನ ಕಾಲೇಜು ಎದುರಿಗಿರುವ ರೈತ ಯಾವುದನ್ನು ಆರಿಸುತ್ತಾನೆ? ನಮಗೆ ಪರಿಚಯದ ಬೆಳೆಗಾರರೊಬ್ಬರು ಒಮ್ಮೆ ನನ್ನ ಅಬ್ಬಾನಿಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಸಾಬ್ರೇ, ರಾಗಿ ಹೊಟ್ಟೆ ತುಂಬುಸ್ತದೆ, ಸಾಲ ತೀರ್ಸಲ್ಲ. ಸೊಪ್ಪು ಸಾಲ ತೀರುಸ್ತದೆ, ಹೊಟ್ಟೆಗೆ ಅಂಗಡಿಗೆ ಹೋಗ್ಬೇಕು." ನಮ್ಮ ನಾಡಿನ ಆಹಾರ ಭದ್ರತೆಯ ಸಮಸ್ಯೆ ಇಡಿಯಾಗಿ ಆ ಒಂದು ಮಾತಿನಲ್ಲಿದೆ.

ಮಳೆಯ ಲೆಕ್ಕ ತಪ್ಪಿದಾಗ

ಮಳೆ ಹಿಂದಿನಂತೆಯೇ ಬರುತ್ತಿದ್ದರೆ ಈ ಏರ್ಪಾಡು ಹೇಗೋ ನಡೆದೀತು. ಏಕೆಂದರೆ ಇಲ್ಲಿನ ರೈತ ರಾಗಿಯನ್ನು ಪೂರ್ತಿ ಬಿಟ್ಟವನಲ್ಲ. ಭರಣಿ, ಕೃತ್ತಿಕೆ ಮಳೆಗೆ ಹೊಲ ಹದ ಮಾಡಿ ಹೊಗೆಸೊಪ್ಪಿನ ಸಸಿ ನೆಟ್ಟು, ಎಲೆ ಮುರಿದ ಮೇಲೆ ಅದೇ ಹೊಲದಲ್ಲಿ ರಾಗಿಯನ್ನೋ ಹುರುಳಿಯನ್ನೋ ಬಿತ್ತುವುದು ಇಲ್ಲಿನ ರೂಢಿ. ಮೊದಲ ಬೆಳೆ ಹಣಕ್ಕೆ, ಎರಡನೆಯದು ಮನೆಗೆ. ಇದು ಬುದ್ಧಿವಂತಿಕೆಯ ಏರ್ಪಾಡೇ. ಆದರೆ ಇದರ ಇಡೀ ಭಾರ ನಿಂತಿರುವುದು ಮಳೆ ತನ್ನ ನಕ್ಷತ್ರಕ್ಕೆ ಸರಿಯಾಗಿ ಬರುವುದರ ಮೇಲೆ. ಮುಂಗಾರು ಪೂರ್ವದ ಮಳೆ ಮೂರು ವಾರ ತಡವಾದರೆ ಸಸಿ ನೆಡುವುದು ತಡವಾಗುತ್ತದೆ, ಎಲೆ ಮುರಿಯುವುದು ತಡವಾಗುತ್ತದೆ, ಎರಡನೆಯ ಬೆಳೆಗೆ ಹದವೇ ಉಳಿಯುವುದಿಲ್ಲ. ಹೀಗೆ ಮಳೆ ತಡವಾದಾಗ ಮೊದಲು ಬಲಿಯಾಗುವುದು ಮನೆಯ ಊಟದ ರಾಗಿ.

ಹವಾಮಾನ ಬದಲಾವಣೆ ಎಂದರೆ ಸೆಕೆ ಹೆಚ್ಚಾಗುವುದು ಮಾತ್ರ ಎಂದು ನಾವು ತಿಳಿದಿದ್ದೇವೆ. ವಾತಾವರಣದ ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿಯು ಸುಮಾರು ಶೇ. 7ರಷ್ಟು ಹೆಚ್ಚು ತೇವವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಮಳೆ ಬಾರದ ದಿನಗಳು ಉದ್ದವಾಗುತ್ತವೆ, ಬಂದಾಗ ಒಮ್ಮೆಲೇ ಸುರಿಯುತ್ತದೆ. ವರ್ಷದ ಒಟ್ಟು ಮಳೆಯ ಅಂಕಿ ಸರಿಯಾಗಿಯೇ ಕಾಣಬಹುದು. ಆದರೆ ಬೆಳೆ ಬದುಕುವುದು ಒಟ್ಟು ಅಂಕಿಯಿಂದಲ್ಲ, ಹದ ಕಂಡು ಬೀಳುವ ಮಳೆಯಿಂದ.

ನಾವೇ ಕಂಡ ವರ್ಷಗಳನ್ನು ನೆನೆಯೋಣ. 2018ರ ಆಗಸ್ಟ್‌ನಲ್ಲಿ ನೆರೆಯ ಕೊಡಗಿನಲ್ಲಿ ಗುಡ್ಡಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ಬೇಸಿಗೆಯಲ್ಲಿ ಒಣಗಿ ನಿಲ್ಲುವ ಲಕ್ಷ್ಮಣತೀರ್ಥ ಉಕ್ಕಿ ಹರಿಯಿತು, ಕಬಿನಿ ತುಂಬಿ ಕೆಳಗಿನ ಊರುಗಳು ನೀರಿನಲ್ಲಿ ನಿಂತವು. 2022ರಲ್ಲಿ ಅತಿಮಳೆಗೆ ಹೊಗೆಸೊಪ್ಪಿನ ಹೊಲಗಳು ಜೌಗು ಹಿಡಿದು ಇಳುವರಿ ಕುಸಿಯಿತು. ಮರುವರ್ಷವೇ, ಅಂದರೆ 2023ರಲ್ಲಿ, ದೇಶವು 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ತಿಂಗಳನ್ನು ಕಂಡಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರಕಾರ ಘೋಷಿಸಿತು. ಒಂದು ವರ್ಷ ಕೊಳೆಯುವಷ್ಟು ಮಳೆ, ಮರುವರ್ಷ ಬಾಯಾರುವಷ್ಟು ಬರ. ಇಂತಹ ಆಟದಲ್ಲಿ ತಡೆದುಕೊಳ್ಳುವವನು ಮನೆಯಲ್ಲಿ ಧಾನ್ಯವಿರುವ ರೈತ. ಸಾಲ ಮಾಡಿ ಒಂದೇ ಬೆಳೆಗೆ ಎಲ್ಲವನ್ನೂ ಸುರಿದವನು ಹಣವನ್ನೂ ಕಳೆದುಕೊಳ್ಳುತ್ತಾನೆ, ಅನ್ನವನ್ನೂ ಕಳೆದುಕೊಳ್ಳುತ್ತಾನೆ.

ಇನ್ನು ಸೌದೆಯ ಲೆಕ್ಕ. ಒಂದು ಕಿಲೋ ಸೊಪ್ಪು ಹದಗೊಳ್ಳಲು ನಾಲ್ಕೈದು ಕಿಲೋ ಕಟ್ಟಿಗೆ ಬೇಕೆಂಬುದು ಸಾಮಾನ್ಯ ಅಂದಾಜು. ಒಳ್ಳೆಯ ವರ್ಷದಲ್ಲಿ ಕರ್ನಾಟಕದ ಬೆಳೆ ಎಂಟು ಕೋಟಿ ಕಿಲೋ ಎಂದು ಹಿಡಿದರೆ, ಕಡಿಮೆಯೆಂದರೂ ಮೂರು ಲಕ್ಷ ಟನ್ ಮೀರಿದ ಸೌದೆ ಒಂದೇ ಹಂಗಾಮಿನಲ್ಲಿ ಬೂದಿಯಾಗುತ್ತದೆ. ನೀಲಗಿರಿ, ಸರ್ವೆ ಮರಗಳ ಜೊತೆ ಹೊಲದ ಬದುವಿನ ಮರಗಳೂ ಇದರಲ್ಲಿ ಹೋಗಿವೆ. ನೆಲಕ್ಕೆ ನೆರಳು ಕೊಡುತ್ತಿದ್ದ, ಮಣ್ಣನ್ನು ಹಿಡಿದಿಡುತ್ತಿದ್ದ ಮರವನ್ನು ಸುಟ್ಟು, ಮಳೆ ಏಕೆ ಕೈಕೊಡುತ್ತಿದೆ ಎಂದು ಆಕಾಶ ನೋಡುವ ಸ್ಥಿತಿ ನಮ್ಮದು. ಅಬ್ಬಾನ ಲೆಕ್ಕದ ಪುಸ್ತಕದಲ್ಲಿ ಲಾರಿಗಳ ಸಂಖ್ಯೆ ಇತ್ತು, ಮರಗಳ ಸಂಖ್ಯೆ ಇರಲಿಲ್ಲ.

ಅಣೆಕಟ್ಟುಗಳಿವೆಯಲ್ಲ?

ನಮ್ಮಲ್ಲಿ ನೀರಿಗೇನು ಕೊರತೆ, ಅಣೆಕಟ್ಟುಗಳೇ ಇವೆಯಲ್ಲ ಎಂದು ಕೆಲವರು ಕೇಳಬಹುದು. ಕಾಕನಕೋಟೆಯ ಕಡೆ ನೋಡಿ. ಮಾಸ್ತಿಯವರ ನಾಟಕದಿಂದ ನಾಡಿಗೆಲ್ಲ ಪರಿಚಿತವಾದ, ಆನೆ ಹಿಡಿಯುವ ಖೆಡ್ಡಾದಿಂದ ಹೊರದೇಶಗಳಿಗೂ ಗೊತ್ತಾದ ಕಾಡು ಅದು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಬಿನಿ ಅಣೆಕಟ್ಟು ಪೂರ್ಣಗೊಂಡದ್ದು 1974ರಲ್ಲಿ. ಆ ಕಾಡಿನ ಒಂದು ಭಾಗ ಹಿನ್ನೀರಿನಲ್ಲಿ ಮುಳುಗಿತು. ಗೆಡ್ಡೆ ಗೆಣಸು, ಜೇನು, ಸೊಪ್ಪುಗಳನ್ನು ನಂಬಿ ಬದುಕಿದ್ದ ಜೇನುಕುರುಬರು, ಕಾಡುಕುರುಬರು ಕಾಡಿನ ಅಂಚಿಗೆ ಬಂದು ಬಿದ್ದರು, ಅವರಲ್ಲಿ ಅನೇಕರು ಇಂದು ಶುಂಠಿ ಹೊಲಗಳಲ್ಲಿ, ಕೊಡಗಿನ ತೋಟಗಳಲ್ಲಿ ಕೂಲಿಗಳು. ಹಳೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇರೆಯೊಳಗೆ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳಿವೆ. ಆದರೆ ಕಬಿನಿಯ ನೀರು ಹೆಚ್ಚಾಗಿ ಹರಿಯುವುದು ಕೆಳಗಿನ ತಾಲ್ಲೂಕುಗಳಿಗೆ. ಕಾಡನ್ನು ಕೊಟ್ಟ ತಾಲ್ಲೂಕಿನ ಬಹುಪಾಲು ಹೊಲಗಳು ಇಂದಿಗೂ ಮಳೆಯನ್ನೇ ಕಾಯುತ್ತಿವೆ. ಭತ್ತದ ಕಣಜವೆನಿಸಿದ ಕೆ.ಆರ್. ನಗರದ ಗದ್ದೆಗಳಿಗೂ ಕಾವೇರಿ ತುಂಬಿದರಷ್ಟೇ ನೀರು. ಆಕಾಶ ಬರಿದಾದ ವರ್ಷ ಅಣೆಕಟ್ಟೂ ಬರಿದೇ.

ಪೇಟೆಯವನ ತಟ್ಟೆ ಮತ್ತು ಜಗತ್ತಿನ ತಟ್ಟೆ

ಹಳ್ಳಿಯ ಮಾತು ನಮಗೇಕೆ, ನಾವು ಪೇಟೆಯವರು ಅಂಗಡಿಯಲ್ಲಿ ಕೊಳ್ಳುತ್ತೇವೆ ಎನ್ನುವವರು ಇದ್ದರೆ, ಈಚಿನ ವರ್ಷಗಳನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 2022ರ ಮಾರ್ಚ್‌ನ ಬಿಸಿಗಾಳಿಗೆ ಉತ್ತರ ಭಾರತದ ಗೋಧಿ ಕಾಳು ಕಟ್ಟುವ ಮೊದಲೇ ಒಣಗಿತು. ಮೇ ತಿಂಗಳಲ್ಲಿ ಕೇಂದ್ರವು ಗೋಧಿ ರಫ್ತನ್ನು ನಿಷೇಧಿಸಿತು. 2023ರ ಜೂನ್‌ನಲ್ಲಿ ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿತು. ಹೀಗಾಗಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಗೆ ಬದಲಾಗಿ ತಲೆಗೆ 170 ರೂಪಾಯಿಯನ್ನು ರಾಜ್ಯ ಸರಕಾರ ಖಾತೆಗೆ ಹಾಕಬೇಕಾಯಿತು. ಸರಕಾರದ ಕೈಯಲ್ಲಿ ಹಣವಿತ್ತು, ಕೊಳ್ಳಲು ಅಕ್ಕಿ ಸಿಗಲಿಲ್ಲ. ಹಣವಿದ್ದರೆ ಅನ್ನವಿದ್ದಂತೆಯೇ ಎಂದು ನಂಬಿರುವ ನಾವೆಲ್ಲ ಈ ಪಾಠವನ್ನು ಕಲಿಯಬೇಕಿತ್ತು. ಅದೇ ಜುಲೈ 20ರಂದು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು ನಿಂತಿತು. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ. 40ರಷ್ಟು ಪಾಲು ನಮ್ಮ ದೇಶದ್ದು. ಇಲ್ಲಿ ಬಾಗಿಲು ಮುಚ್ಚಿದರೆ ನಮ್ಮ ಅಕ್ಕಿಯನ್ನೇ ನಂಬಿರುವ ಪಶ್ಚಿಮ ಆಫ್ರಿಕದ ಬಡವನ ಗಂಜಿ ದುಬಾರಿಯಾಗುತ್ತದೆ. ಆ ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್‌ನಲ್ಲಿ.

ನಮ್ಮಂತೆಯೇ ಹೊಗೆಸೊಪ್ಪು ಬೆಳೆದು ಬದುಕುವ ದೇಶಗಳ ಸ್ಥಿತಿ ನೋಡಿ. ಮಲಾವಿ ವಿದೇಶಿ ಹಣಕ್ಕಾಗಿ ಬಹುಮಟ್ಟಿಗೆ ಈ ಎಲೆಯನ್ನೇ ನೆಚ್ಚಿದೆ, ಜಿಂಬಾಬ್ವೆಗೂ ಇದು ದೊಡ್ಡ ರಫ್ತು ಬೆಳೆ. 2024ರಲ್ಲಿ ಎಲ್ ನಿನೊ ಬರಗಾಲ ಆ ಸೀಮೆಯ ಮೆಕ್ಕೆಜೋಳವನ್ನು ನುಂಗಿತು. ಜಾಂಬಿಯಾ, ಮಲಾವಿ, ಜಿಂಬಾಬ್ವೆ ಒಂದರ ಹಿಂದೆ ಒಂದು ರಾಷ್ಟ್ರೀಯ ವಿಪತ್ತು ಘೋಷಿಸಿದವು. ಅಲ್ಲಿ ಬೆಳೆ ಕುಸಿದರೆ ನಮ್ಮ ಹರಾಜು ಕಟ್ಟೆಯಲ್ಲಿ ಬೆಲೆ ಏರುತ್ತದೆ. ಇನ್ನೊಬ್ಬ ಬಡ ರೈತನ ಬರವೇ ನಮ್ಮ ಲಾಭವಾಗುವ ವ್ಯಾಪಾರ ಇದು. ನಾಳೆ ನಮ್ಮ ಬರ ಅವನ ಲಾಭವಾದೀತು.

ಇದರಲ್ಲಿ ದೊಡ್ಡ ಅನ್ಯಾಯವೊಂದಿದೆ. ವಾತಾವರಣಕ್ಕೆ ಇಂಗಾಲ ಸುರಿಯುವುದರಲ್ಲಿ ಒಬ್ಬ ಭಾರತೀಯನ ಪಾಲು ಜಗತ್ತಿನ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆ. ಮಲಾವಿಯ ರೈತನ ಪಾಲು ಲೆಕ್ಕಕ್ಕೇ ಸಿಗದಷ್ಟು. ತಪ್ಪು ಮಾಡಿದವರು ಒಬ್ಬರು, ದಂಡ ತೆರುವವರು ಇನ್ನೊಬ್ಬರು. 2022ರಲ್ಲಿ ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ ನಡೆದ ಹವಾಮಾನ ಸಮ್ಮೇಳನದಲ್ಲಿ ಹಾನಿ ಪರಿಹಾರ ನಿಧಿಗೆ ಶ್ರೀಮಂತ ರಾಷ್ಟ್ರಗಳು ಒಪ್ಪಿದವು. ಸಂತೋಷ. ಆದರೆ ಆ ನಿಧಿಯ ಹಣ ನಮ್ಮ ರೈತನ ಹೊಲಕ್ಕೆ ಬರುವವರೆಗೆ ಕಾಯುತ್ತ ಕೂತರೆ ನಮ್ಮ ಮಕ್ಕಳ ತಟ್ಟೆ ತುಂಬುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಹೊಗೆಸೊಪ್ಪನ್ನು ನಾಳೆಯೇ ನಿಷೇಧಿಸಿ ಎಂದು ಹೇಳುವುದು ಸುಲಭ. ಹೀಗೆ ಹೇಳುವವರು ರೈತನ ಸಾಲವನ್ನು ತೀರಿಸುವುದಿಲ್ಲ. 2015ರಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯಲ್ಲಿ ಬೆಲೆ ಕುಸಿದಾಗ ಬೆಳೆಗಾರರು ಜೀವ ಕಳೆದುಕೊಂಡದ್ದನ್ನು ನಾವು ಮರೆಯಬಾರದು. ಭಾರತವು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಯನ್ನು ಅನುಮೋದಿಸಿತು. ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಒದಗಿಸಲು ನೆರವಾಗಬೇಕೆಂದು ಅದರ 17ನೇ ವಿಧಿ ಹೇಳುತ್ತದೆ. ಸರಕಾರ ಒಂದು ಕೈಯಲ್ಲಿ ಆ ಒಡಂಬಡಿಕೆಗೆ ಸಹಿ ಹಾಕಿ, ಇನ್ನೊಂದು ಕೈಯಲ್ಲಿ ಹರಾಜು ನಡೆಸುತ್ತಿದೆ. ರೈತನ ಕೈಗೆ ಬದಲಿ ಬೆಳೆಯ ಹೆಸರಿನಲ್ಲಿ ಬಂದದ್ದು ಹೆಚ್ಚಾಗಿ ಸಲಹೆ, ಕೊಳ್ಳುವವರಲ್ಲ.

ಕೀನ್ಯಾದ ಮಿಗೋರಿ ಪ್ರಾಂತದಲ್ಲಿ 2022ರಿಂದ ನಡೆದಿರುವ ಪ್ರಯತ್ನ ಇಲ್ಲಿ ಉಲ್ಲೇಖಾರ್ಹ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಅಲ್ಲಿನ ಸರಕಾರದೊಂದಿಗೆ ಸೇರಿ ಹೊಗೆಸೊಪ್ಪು ಬೆಳೆಗಾರರಿಗೆ ಕಬ್ಬಿಣಾಂಶ ಹೆಚ್ಚಿರುವ ಹುರುಳಿಕಾಯಿ ಬೀಜ ಮತ್ತು ತರಬೇತಿ ಒದಗಿಸಿದವು. ಮುಖ್ಯವಾಗಿ, ಬೆಳೆದ ಕಾಳನ್ನು ಕೊಳ್ಳಲು ವಿಶ್ವ ಆಹಾರ ಕಾರ್ಯಕ್ರಮ ಮುಂದೆ ಬಂತು. ರೈತ ಬದಲಾದದ್ದು ಕೊಳ್ಳುವವನು ಸಿಕ್ಕಿದ ಮೇಲೆ. 2023ರ ವಿಶ್ವ ತಂಬಾಕು ರಹಿತ ದಿನದ ಘೋಷವಾಕ್ಯವೂ ಇದನ್ನೇ ಎತ್ತಿ ಹಿಡಿಯಿತು: ನಮಗೆ ಬೇಕಾದುದು ಆಹಾರ, ತಂಬಾಕಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಬೇಕು. ಹೊಗೆಸೊಪ್ಪಿಗೆ ಇರುವ ಸಾಲ, ಗೊಬ್ಬರ, ಬಹಿರಂಗ ಬೆಲೆ, ಖಚಿತ ಖರೀದಿ ಈ ನಾಲ್ಕೂ ರಾಗಿಗೆ, ಅವರೆಗೆ, ಹುರುಳಿಗೆ ಸಿಗಬೇಕು. ಖರೀದಿ ಕೇಂದ್ರ ಸುಗ್ಗಿಗೆ ಮೊದಲೇ ತೆರೆಯಬೇಕು. ಇಲ್ಲಿ ಕೊಂಡ ರಾಗಿ ಇಲ್ಲಿನ ಪಡಿತರ ಅಂಗಡಿಗೆ, ಅಂಗನವಾಡಿಗೆ, ಹಾಸ್ಟೆಲಿಗೆ ಹೋಗಬೇಕು. ಹೊಗೆಸೊಪ್ಪು ಉಳಿಯುವಷ್ಟು ಕಾಲ ಬ್ಯಾರನ್‌ಗೆ ಬೇಕಾದ ಸೌದೆಯನ್ನು ನೆಟ್ಟು ಬೆಳೆಸಿದ ತೋಪಿನಿಂದಲೇ ತರಬೇಕು.

ಸರಕಾರಕ್ಕೆ ಹೇಳಿದ್ದಾಯಿತು. ಇನ್ನು ನಮ್ಮ ಮನೆಯ ಮಾತು. ಪೇಟೆಯ ನಮ್ಮ ಕುಟುಂಬಗಳಲ್ಲಿ ರಾಗಿ ಮುದ್ದೆ ಬಡವರ ಊಟ, ಬಿಳಿ ಅನ್ನ ಮರ್ಯಾದೆಯ ಊಟ ಎಂಬ ಭಾವನೆ ಬೇರೂರಿದೆ. ಸಕ್ಕರೆ ಕಾಯಿಲೆ ಬಂದ ಮೇಲೆ ವೈದ್ಯರು ಹೇಳಿದಾಗ ಮಾತ್ರ ರಾಗಿ ನೆನಪಾಗುತ್ತದೆ. ಪಡಿತರದಲ್ಲಿ ಬಂದ ರಾಗಿಯನ್ನು ಬೀದಿಯಲ್ಲೇ ಮಾರಿಬಿಡುವವರೂ ನಮ್ಮಲ್ಲಿದ್ದಾರೆ. ವಾರದಲ್ಲಿ ಮೂರು ದಿನ ರೊಟ್ಟಿಯೋ ಮುದ್ದೆಯೋ ಅಂಬಲಿಯೋ ನಮ್ಮ ತಟ್ಟೆಗೆ ಬಂದರೆ ಅದೂ ರೈತನಿಗೆ ಒಂದು ಮಾರುಕಟ್ಟೆ. ಹಳ್ಳಿಯಲ್ಲಿ ಜಮೀನು ಇಟ್ಟುಕೊಂಡು ಶುಂಠಿಗೆ ಗುತ್ತಿಗೆ ಕೊಡುವ ನಮ್ಮ ಅನುಕೂಲಸ್ಥರು, ಗುತ್ತಿಗೆ ಹಣದ ಜೊತೆ ಆ ಮಣ್ಣಿಗೆ ಬೀಳುವ ವಿಷದ ಲೆಕ್ಕವನ್ನೂ ಕೇಳಬೇಕು. ಹರಾಜಿನ ಹಣದಲ್ಲಿ ನಡೆಯುವ ಮದುವೆಗಳಲ್ಲಿ ಮಿಕ್ಕಿ ಚರಂಡಿ ಸೇರುವ ಅನ್ನದ ಕುರಿತು ನಾನು ಹೆಚ್ಚು ಹೇಳಬೇಕಾಗಿಲ್ಲ, ನಾವೆಲ್ಲ ನೋಡಿದ್ದೇವೆ. 2024ರಲ್ಲಿ ಜಗತ್ತಿನಲ್ಲಿ ಸುಮಾರು 67 ಕೋಟಿ ಜನರು ಹಸಿವಿನಲ್ಲಿದ್ದರೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ.

ಸಹೋದರರೇ, ಅಬ್ಬಾ ನಿವೃತ್ತರಾದ ಮೇಲೆ ಒಮ್ಮೆ ಅವರ ಹಳೆಯ ಲೆಕ್ಕದ ಪುಸ್ತಕಗಳನ್ನು ನಾವಿಬ್ಬರೂ ತಿರುವಿ ಹಾಕುತ್ತಿದ್ದೆವು. ಆ ಪುಸ್ತಕಗಳಲ್ಲಿ ಸೌದೆ ಬಂದ ಊರುಗಳ ಹೆಸರುಗಳಿದ್ದವು. ಆರಂಭದ ವರ್ಷಗಳಲ್ಲಿ ಎಲ್ಲವೂ ನೆರೆಯ ಊರುಗಳು. ವರ್ಷ ಕಳೆದಂತೆ ಊರುಗಳು ದೂರ ದೂರವಾಗಿದ್ದವು. ಅಬ್ಬಾ ಆ ಹಾಳೆಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, "ಬೇಟಾ, ನಿನ್ನ ದಾದಿ ರಾಗಿ ತಂದ ಊರೂ ಇದರಲ್ಲಿದೆ" ಎಂದರು.

ಆ ಊರಿನ ಹಗೇವನ್ನು ಮತ್ತೆ ತೋಡಲು ನಮ್ಮಿಂದ ಆಗದಿರಬಹುದು. ಆದರೆ ಅದರೊಳಗಿದ್ದ ವಿವೇಕ ಮಣ್ಣಾಗಿಲ್ಲ. ಒಳ್ಳೆಯ ವರ್ಷದಲ್ಲಿ ಕೆಟ್ಟ ವರ್ಷವನ್ನು ನೆನೆಯಬೇಕು, ಕೊಳ್ಳುವುದಕ್ಕೆ ಮೊದಲು ಬೆಳೆಯಬೇಕು, ತನ್ನ ಕಣಜ ತೆರೆದಾಗ ನೆರೆಯವನ ಸೆರಗನ್ನೂ ತುಂಬಿಸಬೇಕು. ಈ ಮೂರನ್ನು ನಾವು ಮರಳಿ ಕಲಿತರೆ ಮಳೆ ಎಷ್ಟೇ ಲೆಕ್ಕ ತಪ್ಪಿದರೂ ನಮ್ಮ ನಾಡು ಹಸಿಯದು.